ಮತ್ತ ಬರಬ್ಯಾಡ್ರಿ ಅನ್ನುವ ಲಾಡ್ಜು

ಮಿರಜ ಸ್ಟೇಶನ್ನಿನ ಎದುರಿನ ಓಣಿಯಲ್ಲಿ ಶಿವಕೃಪಾ ಲಾಡ್ಜ್ ಇದೆ. ಅದರ ಮಾಲೀಕ ಬಾಳಪ್ಪ ಪಟ್ಟಣಶೆಟ್ಟಿ. ಗಿರಾಕಿಯನ್ನು ಕೈಮುಗಿದು ಒಳಗೆ ಕರೆದುಕೊಳ್ಳುವ ವ್ಯಾಪಾರಿಗಳು ಊರ ತುಂಬ ಇದ್ದಾರೆ. ಕೈಮುಗಿದು "ಇನ್ನ ಈ ಕಡೆ ತಲಿ ಹಾಕಬ್ಯಾಡ್ರಿ" ಎಂದು ಹೊರಗೆ ಕಳಿಸುವವನು ಮಿರಜ, ಸಾಂಗಲಿ ಎರಡನ್ನೂ ಜಾಲಾಡಿದರೂ ಇವನೊಬ್ಬನೇ ಸಿಕ್ಕಾನು. ಅದು ಹುಚ್ಚಲ್ಲ, ಮನೆತನದ ಪದ್ಧತಿ.

ಕನ್ನಡದ ಮಂದಿ ಯಾರ ಮನೆಯಿಂದ ಎದ್ದರೂ "ಹೋಗ್ತೇನಿ" ಅನ್ನುವುದಿಲ್ಲ, "ಬರ್ತೇನಿ" ಅನ್ನುತ್ತಾರೆ. ಹೋಗ್ತೇನಿ ಅಂದವನನ್ನು ಹಿರಿಯರು ಅಲ್ಲೇ ನಿಲ್ಲಿಸಿ ಬಯ್ಯುತ್ತಾರೆ. ಆದರೆ ಶಿವಕೃಪಾದ ಹೊಸ್ತಿಲಲ್ಲಿ ಈ ಕಾಯಿದೆ ತಲೆಕೆಳಗು. ಅಲ್ಲಿ ಇಳಿಯುವವರು ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ಪೇಶಂಟನ್ನು ಕರೆದುಕೊಂಡು ಗಡಿ ದಾಟಿ ಮಿರಜದ ದವಾಖಾನೆಗೆ ಬಂದವರು. ಗುಣವಾಗಿ ಊರಿಗೆ ಹೊರಟವರು ರೂಢಿಯ ಬಲದಿಂದ "ಬರ್ತೇವ್ರಿ" ಅಂದರೋ, ಬಾಳಪ್ಪನಿಗೆ ಚೇಳು ಕಡಿದ ಹಾಗಾಗುತ್ತಿತ್ತು.

"ಏನಂದ್ರಿ? ಮತ್ತ ಬರ್ತೀರಿ? ಯಾಕ, ಇನ್ನೊಂದು ಕಿಡ್ನಿ ಉಳದೈತಿ ಅಂತೇನು? ಚೀಲಾ ಕೆಳಗ ಇಡ್ರಿ. ಒಳಗ ಬರ್ರಿ. ಕುಂದ್ರಿ."

ರಿಕ್ಷಾದವನು ಹಾರ್ನ್ ಬಾರಿಸುತ್ತಿದ್ದರೂ ಬಿಡುತ್ತಿರಲಿಲ್ಲ. ಅವರು ಒಳಗೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಎದ್ದು "ಹೋಗ್ತೇವ್ರಿ" ಅನ್ನಬೇಕು. ಆಗ ಬಾಳಪ್ಪ ಕೌಂಟರಿನ ಕುರ್ಚಿಯಿಂದ ಎದ್ದು, ಎರಡೂ ಕೈ ಜೋಡಿಸಿ, "ಹೋಗ್ರಿ. ಮತ್ತ ಬರಬ್ಯಾಡ್ರಿ. ನಿಮ್ಮ ಮಾರಿ ನನಗ ತೋರಸಬ್ಯಾಡ್ರಿ" ಎಂದು ಹರಸುತ್ತಿದ್ದ. ಎಷ್ಟೋ ಹೆಣ್ಣುಮಕ್ಕಳು ಅಷ್ಟು ದಿನ ತಡೆದಿಟ್ಟ ಅಳುವನ್ನು ಆ ಮಾತಿಗೆ ಅತ್ತು, ಅಳುತ್ತಲೇ ನಕ್ಕು, ರೈಲು ಹತ್ತಿದ್ದಾರೆ.

ಪದ್ಧತಿ ಹಾಕಿದ್ದು ಬಾಳಪ್ಪನ ಅವ್ವ. ಲಾಡ್ಜ್ ಇನ್ನೂ ಖಾನಾವಳಿಯಾಗಿದ್ದ ಕಾಲದಲ್ಲಿ ಆಕೆ, ಮಗುವನ್ನು ಗುಣಪಡಿಸಿಕೊಂಡು ಹೊರಟಿದ್ದ ಒಬ್ಬ ತಾಯಿಗೆ ಬಾಯಿತಪ್ಪಿ "ಮತ್ತ ಬಾರವ್ವಾ" ಅಂದಿದ್ದಳು. ಆ ತಾಯಿ ಮರುತಿಂಗಳೇ ಎರಡನೆಯ ಮಗುವನ್ನು ಹೊತ್ತುಕೊಂಡು ಬಂದಳು, ಆ ಸಲ ಬರಿಗೈಯಲ್ಲಿ ಹೋದಳು. ಅವ್ವ ಆಮೇಲೆ ಸಾಯುವ ತನಕ ಯಾರಿಗೂ "ಬಾ" ಅಂದು ಕಳಿಸಲಿಲ್ಲ. ಬಾಳಪ್ಪನೂ ಅನ್ನಲಿಲ್ಲ.

ದೇಶದ ಬಾಗಿಲು ತೆರೆಯಿತು ಎಂದು ಪೇಪರಿನವರು ಬರೆದ ಕಾಲಕ್ಕೆ ಬಾಳಪ್ಪನ ಬಾಗಿಲಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂತು. ಅವನ ಜೀವನದ ವೈಭವದ ದಿನಗಳು ಅವು. ಪೇಶಂಟಿನ ಕಡೆಯವರು ಫೋನಿನಲ್ಲಿ ಅಳುವುದು ಬಿಟ್ಟು ಬೇರೇನೂ ಮಾಡಲಾರರು ಎಂದು, ಇವನೇ ರಿಸೀವರು ಕಸಿದುಕೊಂಡು "ಆಪರೇಶನ್ ಆತು, ಅಂಬಲಿ ಕುಡದಾನ, ಎಮ್ಮಿ ಮಾರಬ್ಯಾಡ್ರಿ" ಎಂದು ಅವರ ಊರಿಗೆ ಕೇಳುವಂತೆ ಒದರುತ್ತಿದ್ದ. ಆಮೇಲೆ ಸಾಂಗಲಿ, ಮಿರಜ, ಕುಪವಾಡ ಮೂರೂ ಕೂಡಿ ಮಹಾನಗರಪಾಲಿಕೆಯಾಯಿತು. ಎಲ್ಲರ ಕೈಗೂ ಮೊಬೈಲು ಬಂತು, ಬೂತು ಹೋಯಿತು. ಓಣಿಯ ಆ ಬದಿಗೆ ಗಾಜಿನ ಮೋರೆಯ ಸ್ಟಾರ್ ಪ್ಯಾಲೇಸ್ ಎದ್ದು, ಲಿಫ್ಟು ಹಾಕಿಸಿಕೊಂಡು, ಶಿವಕೃಪಾದ ಗಿರಾಕಿಗಳನ್ನು ಒಬ್ಬೊಬ್ಬರನ್ನೇ ಮೇಲಕ್ಕೆ ಎಳೆದುಕೊಂಡಿತು. ಬಾಳಪ್ಪನ ಖೋಲಿಗಳಲ್ಲಿ ಅರ್ಧಕ್ಕರ್ಧ ಬೀಗ ಬಿತ್ತು.

ಆಗ ಸಾಂಗಲಿಯ ಮೊಬೈಲ್ ವ್ಯಾಪಾರಿ ಪಾರಿಸನ ಕಣ್ಣು ಲಾಡ್ಜಿನ ತಳಮಜಲಿನ ಮೇಲೆ ಬಿತ್ತು. ಅಲ್ಲಿ ಶೋರೂಮು ಹಾಕುತ್ತೇನೆ, ಒಳ್ಳೆ ಬಾಡಿಗೆ ಕೊಡುತ್ತೇನೆ ಎಂದ. ತಳಮಜಲು ಅಂದರೆ ಏನು? ಕೌಂಟರು, ಅದರ ಹಿಂದಿನ ಕುರ್ಚಿ, ಮುಂದಿನ ಕಟ್ಟೆ, ಆ ಹೊಸ್ತಿಲು. ಅದು ಹೋದರೆ ಬಾಳಪ್ಪ ಮೆಟ್ಟಿಲ ಮೇಲಿನ ಮನೆಯಲ್ಲಿ ಟೀವಿ ನೋಡುತ್ತ ಕೂರಬೇಕು. ಬಾಳಪ್ಪನಿಗೆ ಎದೆ ಒಡೆದಂತಾಯಿತು. ಹೆಂಡತಿ ನೀಲಗಂಗವ್ವನಿಗೆ ಮಾತ್ರ ಈ ಮಾತು ಹಿಡಿಸಿತು. ಖಾಲಿ ಲಾಡ್ಜಿಗೆ ದಿನಾ ಕಸ ಹೊಡೆದು ಆಕೆಯ ನಡ ಬಿದ್ದುಹೋಗಿತ್ತು.

"ಯುಗಾದಿ, ಗುಡಿ ಪಾಡವಾ ಆತು. ದೀಪಾವಳಿ ಪಾಡವಾತನಕಾ ನೋಡ್ತೇನಿ," ಎಂದಳು ಆಕೆ. "ಅಷ್ಟರಾಗ ಖೋಲಿ ತುಂಬಿಸಿದ್ರ ನಿಮ್ಮ ಕುರ್ಚಿ ನಿಮಗ. ಇಲ್ಲಂದ್ರ ಪಾರಿಸಣ್ಣಗ ಕೀಲಿ ಕೊಟ್ಟ ಬಿಡೂದು. ಹೌದಿಲ್ಲೋ?"

ಆ ಮನೆಯಲ್ಲಿ ನೀಲಗಂಗವ್ವ "ಹೌದಿಲ್ಲೋ" ಎಂದು ಕೇಳಿದರೆ ಅದು ಪ್ರಶ್ನೆಯಲ್ಲ.

ಮಗ ಪ್ರಥಮೇಶ ಕುಪವಾಡ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಜರು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುವ ಜಾಯಮಾನದವನು. "ಬಾಬಾ, ಲೋಕ ಆತಾ ಮೋಬಾಯಿಲವರ ಬಘತಾತ," ಎಂದ. ಮಂದಿ ಈಗ ಎಲ್ಲವನ್ನೂ ಮೊಬೈಲಿನಲ್ಲಿ ನೋಡಿಯೇ ಬರುತ್ತಾರಂತೆ, ಲಾಡ್ಜಿಗೊಂದು ವೆಬ್‌ಸೈಟು ಬೇಕಂತೆ. ಮಾಡಿಕೊಡಲಿಕ್ಕೆ ತನ್ನ ಗೆಳೆಯ ಕೇತನನನ್ನು ಕರೆದುಕೊಂಡು ಬಂದ. ಕೇತನ ಸಮಡೋಳಿಯ ಜೈನರ ಮನೆಯವನು. ಅಜ್ಜಿಯ ಜೊತೆ ಕನ್ನಡ, ಓಣಿಯಲ್ಲಿ ಮರಾಠಿ, ಗಿರಾಕಿಯ ಮುಂದೆ ಇಂಗ್ಲಿಷು. ಅವನ ಆಫೀಸು ಕುಪವಾಡದಲ್ಲಿ ಒಂದು ಲೇಥ್ ವರ್ಕ್‌ಶಾಪಿನ ಮೇಲಿತ್ತು. ಅವನು ಫೋನಿನಲ್ಲಿ ಮಾತಾಡಿದರೆ ಹಿಂದೆ ಕಬ್ಬಿಣ ಕೊಯ್ಯುವ ಸದ್ದು ಕೇಳಿ, ಇವನು ಭಾರಿ ಕೆಲಸ ಮಾಡುತ್ತಿದ್ದಾನೆ ಎಂದು ಬಾಳಪ್ಪನಿಗೆ ಗೌರವ ಮೂಡುತ್ತಿತ್ತು.

ವೆಬ್‌ಸೈಟು ತಯಾರಾಯಿತು. ಮನೆಮಂದಿಯೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತರು. ಬಿಳಿ ಹಾಸಿಗೆ, ಅದರ ಮೇಲೆ ಹಂಸದ ಆಕಾರಕ್ಕೆ ಮಡಚಿಟ್ಟ ಟವೆಲ್ಲು, ಪಕ್ಕದಲ್ಲಿ ಹಲ್ಲು ಕಿಸಿಯುತ್ತಿರುವ ಪರದೇಶದ ಗಂಡ ಹೆಂಡತಿ.

"ನಮ್ಮ ಹಾಸಗಿ ಮ್ಯಾಲೆ ಬಾತುಕೋಳಿ ಯಾಕ ಕುಂತೈತಿ?" ಎಂದ ಬಾಳಪ್ಪ.

"ಅದು ಡಿಸೈನ್, ಕಾಕಾ. ಹೊಟೇಲಂದ್ರ ಹಿಂಗ ಇರ್ತಾವು."

"ಈ ಇಬ್ಬರಾಗ ಪೇಶಂಟ್ ಯಾರು? ಇಬ್ಬರೂ ಗಟ್ಟಿಮುಟ್ಟ ಅದಾರಲ್ಲೋ."

ನೀಲಗಂಗವ್ವನಿಗೆ ಬೇರೆಯದೇ ಚಿಂತೆ. "ಆ ಟವೆಲ್ಲಿಗೆ ಅಷ್ಟು ನಿರಗಿ ಹಾಕಿದ್ರ ಮಾರಿ ಯಾವಾಗ ಒರಸ್ಕೊಳ್ಳೂದು?" ಎಂದಳು. ವೆಬ್‌ಸೈಟು ಶುರುವಾದ ವಾರದಲ್ಲೇ ಜಮಖಂಡಿಯ ಒಬ್ಬ ಮುದುಕಿ ಖೋಲಿಯ ಹಾಸಿಗೆ ನೋಡಿ "ಹಕ್ಕಿ ಎಲ್ಲಿ?" ಎಂದು ಕೇಳಿ, ನೀಲಗಂಗವ್ವನ ಮೂಗಿನ ತುದಿಗೆ ಸಿಟ್ಟು ತರಿಸಿದಳು.

ತಿಂಗಳು ಕಳೆದ ಮೇಲೆ ಕೇತನ ಉತ್ಸಾಹದಿಂದ ಬಂದ. "ಕಾಕಾ, ಎಂಟುನೂರು ವಿಜಿಟರ್ ಬಂದಾರ!"

ಬಾಳಪ್ಪ ಗಾಬರಿಯಾಗಿ ಕಟ್ಟೆಯ ಕಡೆ ನೋಡಿದ. ಕಟ್ಟೆಯ ಮೇಲೆ ಒಂದು ನಾಯಿ ಮಲಗಿತ್ತು.

"ಎಲ್ಲಿ ಬಂದಾರ?"

"ವೆಬ್‌ಸೈಟಿಗೆ."

"ಮತ್ತ ಖೋಲಿ ಎಷ್ಟು ಮಂದಿ ತಗೊಂಡ್ರು?"

ಕೇತನ ಸ್ವಲ್ಪ ಸಣ್ಣಗಾದ. "ಮೂರು. ಅದರಾಗ ಒಬ್ಬಾಂವ ಸ್ಟಾರ್ ಪ್ಯಾಲೇಸ್ ಅಂತ ತಿಳಕೊಂಡಿದ್ನಂತ. ಕ್ಯಾನ್ಸಲ್ ಮಾಡ್ಯಾನ."

ಬಾಳಪ್ಪನಿಗೆ ಆದ ದುಃಖ ವ್ಯಾಪಾರದ್ದಲ್ಲ. ಎಂಟುನೂರು ಮಂದಿ ಅವನ ಬಾಗಿಲಿನ ತನಕ ಬಂದು, ಒಳಗೆ ಇಣುಕಿ, ಯಾರೂ ಮಾತಾಡಿಸದೆ ತಿರುಗಿ ಹೋಗಿದ್ದಾರೆ. ಪಟ್ಟಣಶೆಟ್ಟಿಯವರ ಮನೆತನದಲ್ಲಿ ಇಂಥದ್ದು ಎಂದೂ ಆಗಿರಲಿಲ್ಲ.

"ಬಂದವರಿಗೆ ನೀರು ಕೇಳಿದೇನು ನೀ?" ಎಂದು ಕೇತನನನ್ನು ಗದರಿಸಿದ. "ಯಾ ಊರು ಅಂತ ಕೇಳಿದೇನು? ಉಂಡ್ರೋ ಇಲ್ಲೋ ಅಂತ ಕೇಳಿದೇನು? ಮಾತಾಡಸದ ಯಾಂವ ನಿಂದರ್ತಾನ?"

ಕೇತನನಿಗೆ ಇದರಲ್ಲಿ ಏನೋ ತಥ್ಯ ಕಂಡಿತು. ಗಿರಾಕಿಯ ಜೊತೆ ಸಂಭಾಷಣೆ ನಡೆಸಬೇಕು ಎಂದು ಅವನೂ ಎಲ್ಲೋ ಕೇಳಿದ್ದ. ಹೀಗಾಗಿ ಬಾಳಪ್ಪ ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳನ್ನೆಲ್ಲ ವೆಬ್‌ಸೈಟಿನ ಬಾಗಿಲಲ್ಲೇ ಸಾಲಾಗಿ ನಿಲ್ಲಿಸಿದ. ಯಾವ ಊರು, ಯಾರ ಪೈಕಿ, ಯಾರಿಗೆ ಆರಾಮಿಲ್ಲ, ಏನಾಗಿದೆ, ಮೊದಲು ಯಾವ ಡಾಕ್ಟರಿಗೆ ತೋರಿಸಿದ್ದಿರಿ, ಯಾಕೆ ಬಿಟ್ಟಿರಿ, ಊಟ ಆಯಿತೇ. ಇಷ್ಟಕ್ಕೂ ಉತ್ತರ ಕೊಡದೆ ಖೋಲಿಯ ಫೋಟೊ ಕೂಡ ಕಾಣುವ ಹಾಗಿರಲಿಲ್ಲ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಮೊದಲು ಇಣುಕಿ ಹೋಗುತ್ತಿದ್ದ ಮಂದಿ ಈಗ ಓಣಿಯ ತಿರುವಿನಲ್ಲೇ ಓಡಿಹೋಗತೊಡಗಿದರು. ಗೋಕಾಕದವನೊಬ್ಬ ಮಾತ್ರ ತಾಳ್ಮೆಯಿಂದ ಎಲ್ಲ ತುಂಬಿ, "ಊಟ ಆಯಿತೇ" ಅನ್ನುವಲ್ಲಿ "ಇನ್ನೂ ಇಲ್ಲ. ಏನು ಮಾಡಿದ್ದೀರಿ?" ಎಂದು ಬರೆದಿದ್ದ. ಬಾಳಪ್ಪ ಖುಷಿಯಿಂದ ಬದನೆಕಾಯಿ ಎಣಗಾಯಿ, ರೊಟ್ಟಿ, ಶೇಂಗಾ ಚಟ್ನಿ ಎಂದು ಉತ್ತರ ಬರೆಸಿದ. ಆತ ಬಂದ, ಪಟ್ಟಾಗಿ ಉಂಡ, ಸ್ಟಾರ್ ಪ್ಯಾಲೇಸಿಗೆ ಹೋಗಿ ಮಲಗಿದ.

ಕೇತನ ಪ್ರಶ್ನೆಗಳನ್ನು ತೆಗೆದ. ಹಂಸವನ್ನೂ ತೆಗೆದು ಖರೇ ಖೋಲಿಗಳ ಫೋಟೊ ಹಾಕಿದ. ಬುಕಿಂಗ್ ಬಟನ್ನನ್ನು ಒಂದು ವಾರ ಹಸಿರು ಮಾಡಿದ, ಒಂದು ವಾರ ಕೇಸರಿ ಮಾಡಿದ, ಆಮೇಲೆ ಅದು ಅಲುಗಾಡುವ ಹಾಗೆ ಮಾಡಿದ. "ಚಳಿಜ್ವರ ಬಂದಂಗ ಕಾಣ್ತೈತಿ" ಎಂದು ಬಾಳಪ್ಪ ಅದನ್ನು ನಿಲ್ಲಿಸಿದ. ಗಣೇಶ ಚೌತಿ ಬಂತು, ಹೋಯಿತು. ಬರುವ ಮಂದಿ ಬರುತ್ತಿದ್ದರು, ನಿಲ್ಲುವ ಮಂದಿ ಇರಲಿಲ್ಲ. ಪಾರಿಸ ಎರಡು ಸಲ ಬಂದು, ಕೌಂಟರಿನ ಹಿಂದಿನ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ ಹೋದ.

ಕೊನೆಗೆ ಕೇತನ ಬ್ರಹ್ಮಾಸ್ತ್ರ ತೆಗೆದ. "ಕಾಕಾ, ಮಂದಿ ನಮ್ಮನ್ನ ನಂಬೂದಿಲ್ಲ. ಮಂದಿ ಮಂದಿನ್ನ ನಂಬ್ತಾರ. ಇಲ್ಲಿ ಇದ್ದು ಹೋದವರ ಮಾತು ವೆಬ್‌ಸೈಟಿನ ಮ್ಯಾಲೆ ಹಾಕೂಣು. ಬರೇ ಎರಡು ಪ್ರಶ್ನೆ. ಮತ್ತೆ ಬರ್ತೀರಾ? ನಿಮ್ಮವರಿಗೆ ಈ ಲಾಡ್ಜ್ ಹೇಳ್ತೀರಾ? ಹೌದು, ಇಲ್ಲಾಂದ್ರ ಇಲ್ಲ, ಅಷ್ಟ ಒತ್ತೂದು." ಕೌಂಟರಿನ ಮೇಲೆ ಒಂದು ಮೊಬೈಲು ಇಟ್ಟು, ಹೊರಡುವವರ ಕೈಗೆ ಕೊಡಬೇಕು ಎಂದು ಹೇಳಿ, ಅದು ತಾನಾಗಿಯೇ ವೆಬ್‌ಸೈಟಿನ ಮೇಲೆ ಬರುವ ವ್ಯವಸ್ಥೆ ಮಾಡಿ ಹೋದ.

ಬಾಳಪ್ಪ ಜೀವನದಲ್ಲಿ ಇಷ್ಟು ನಿಷ್ಠೆಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಹೊರಟವರು ಯಾರನ್ನೂ ಮೊಬೈಲು ಒತ್ತದೆ ಹೊಸ್ತಿಲು ದಾಟಲು ಬಿಡಲಿಲ್ಲ. ಪಕ್ಕದಲ್ಲಿ ನಿಂತು ಬೆರಳು ಹಿಡಿದು ತೋರಿಸುತ್ತಿದ್ದ. ಸಂಕೇಶ್ವರದ ಒಬ್ಬ ಮಾಸ್ತರರು ಗೌರವದಿಂದ "ಹೌದು" ಒತ್ತಲು ಹೋದಾಗ ಅವರ ಮುಂಗೈ ಗಬಕ್ಕನೆ ಹಿಡಿದ.

"ಏನ್ ಮಾಡಾಕತ್ತೀರಿ ಸರ? ಮತ್ತ ಬರ್ತೀರಾ ಅಂತ ಕೇಳೈತಿ. ನೋಡಿ ಒತ್ರಿ!"

ಮಾಸ್ತರರು ನಾಲಗೆ ಕಚ್ಚಿಕೊಂಡು, ಆ ದೇವರು ಕಾಪಾಡಿದ ಎಂದು, "ಇಲ್ಲ" ಒತ್ತಿದರು. ಎರಡನೆಯ ಪ್ರಶ್ನೆಗೆ ಯಾರಿಗೂ ಹೇಳಿಕೊಡುವ ಜರೂರು ಬೀಳಲಿಲ್ಲ. ತಮ್ಮವರನ್ನು ಮಿರಜಕ್ಕೆ ಕಳಿಸಬೇಕು ಎಂದು ಯಾರು ಬಯಸುತ್ತಾರೆ? ಬರೆಯಬಲ್ಲವರು ಕೆಳಗೆ ಎರಡು ಮಾತು ಬರೆದೂ ಹೋದರು. ಹುಕ್ಕೇರಿಯ ಒಬ್ಬ ಹೆಣ್ಣುಮಗಳು, "ಭಾಳ ಚಲೋ ಮನಿತನ. ಶಿವಾ, ನಮ್ಮನ್ನ ಮತ್ತೊಮ್ಮೆ ಇಲ್ಲಿಗೆ ತರಬ್ಯಾಡಪ್ಪಾ" ಎಂದು ಬರೆದಿದ್ದಳು. ಬಾಳಪ್ಪ ಅದನ್ನು ಎಲ್ಲರಿಗೂ ಓದಿ ತೋರಿಸಿದ.

ದಸರೆ ಹೊತ್ತಿಗೆ ಬುಕಿಂಗ್ ಪೂರ್ತಿ ನಿಂತಿತು. ಮೊದಲು ಅಷ್ಟೋ ಇಷ್ಟೋ ಬರುತ್ತಿದ್ದವರೂ ಇಲ್ಲ. ಕೇತನ ಮೋಟರ್‌ಸೈಕಲ್ ಹಾರಿಸಿಕೊಂಡು ಬಂದು, ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ತೆರೆದು, ತಲೆಯ ಮೇಲೆ ಕೈ ಹೊತ್ತು ಕೂತ.

"ಕಾಕಾ, ಮತ್ತೆ ಬರ್ತೀರಾ ಅನ್ನೂದಕ್ಕ ಒಬ್ಬರಂದ್ರ ಒಬ್ಬರೂ ಹೌದು ಅಂದಿಲ್ಲ. ಎಲ್ಲಾರೂ ಇಲ್ಲ!"

ಬಾಳಪ್ಪನ ಮುಖ ಅರಳಿತು. "ಒಬ್ಬರೂ ತಪ್ಪಿಲ್ಲಲ್ಲ? ನಾ ನಿಂತು ಒತ್ತಿಸೇನಿ."

"ನೀವ ಒತ್ತಿಸೀರಿ?" ಕೇತನ ತಲೆ ಎತ್ತಿದ. "ನಿಮ್ಮವರಿಗೆ ಹೇಳ್ತೀರಾ ಅನ್ನೂದಕ್ಕೂ ಎಲ್ಲಾರೂ ಇಲ್ಲ ಅಂದಾರ."

"ಮತ್ತ? ವೈರಿಗೂ ಹೇಳಬಾರದೋ ತಮ್ಮಾ, ದವಾಖಾನಿ ದಾರಿ."

"ಕಾಕಾ, ಇಡೀ ಮಹಾರಾಷ್ಟ್ರದಾಗ ಇಷ್ಟು ಕೆಟ್ಟ ಹೆಸರಿನ ಲಾಡ್ಜ್ ಇನ್ನೊಂದಿಲ್ಲ. ಇಲ್ಲಿ ಇದ್ದು ಹೋದವರೆಲ್ಲಾ ಕೈಮುಗದು ಬ್ಯಾಡೋ ಶಿವನ ಅಂದಾರ ಅಂತ ಮಂದಿ ತಿಳಕೊಳ್ಳಾಕತ್ತಾರ!"

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ನೀಲಗಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು, ಇಬ್ಬರ ಮುಖ ನೋಡಿದಳು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದಳು. ನಕ್ಕು ನಕ್ಕು ಕೆಳಗೆ ಕೂತಳು. ಬಾಳಪ್ಪನಿಗೆ ಮಾತ್ರ ನಗು ಬರಲಿಲ್ಲ. ಅಳಿಸಿಬಿಡುತ್ತೇನೆ ಎಂದು ಕೇತನ ಬೆರಳೆತ್ತಿದಾಗ ಅವನ ಕೈ ಸರಿಸಿದ.

"ಅಳಸಬ್ಯಾಡ. ಪಾಪ, ಅಳಕೊಂತ ಒತ್ಯಾರ ಅವರು. ಆ ಪ್ರಶ್ನಿ ಬೇಕಾದ್ರ ಮುಚ್ಚಿಡು, ಅಳಸಬ್ಯಾಡ."

ಕೇತನ ಮುಚ್ಚಿಟ್ಟ. ದೀಪಾವಳಿಗೆ ಎರಡೇ ವಾರ ಉಳಿದಿತ್ತು. ನೀಲಗಂಗವ್ವ ನಗುವುದು ಮುಗಿಸಿ, ಗಂಡನ ಕುರ್ಚಿಯನ್ನು ಮೇಲಿನ ಮನೆಯಲ್ಲಿ ಕಿಟಕಿಯ ಪಕ್ಕಕ್ಕೆ ಹಾಕಿದರೆ ಹೇಗೆ ಎಂದು ಲೆಕ್ಕ ಹಾಕಿದಳು. ಅದರಲ್ಲಿ ಕರುಣೆಯೂ ಇತ್ತು. ಕಿಟಕಿಯಿಂದ ಓಣಿ ಕಾಣುತ್ತದೆ ಎಂದು ಆಕೆಯೇ ಹೇಳಿದಳು.

ಮರುದಿನ ಬೆಳಿಗ್ಗೆ ಬಾಳಪ್ಪ ಮನಸ್ಸಿಗೆ ಸಮಾಧಾನವಿಲ್ಲದೆ ಓಣಿಯಲ್ಲಿ ಅಡ್ಡಾಡಲು ಹೋದ. ಸ್ಟಾರ್ ಪ್ಯಾಲೇಸಿನ ಕೆಳಗಿನ ಹೊಟೇಲಿನ ಗಾಜಿನೊಳಗೆ, ಬಟ್ಟೆಯ ಗವಸು ಹಾಕಿದ ಒಂದು ತಂಬೂರಿಯನ್ನು ಪಕ್ಕದ ಕುರ್ಚಿಯ ಮೇಲೆ ಕೂರಿಸಿಕೊಂಡು ಇಡ್ಲಿ ತಿನ್ನುತ್ತಿದ್ದವನ ಮುಖ ಪರಿಚಯದ್ದು ಅನ್ನಿಸಿತು. ಹಾರೂಗೇರಿಯ ಮಲಗೌಡ. ಎರಡು ವರ್ಷದ ಹಿಂದೆ ಎದೆಯ ಆಪರೇಶನ್ನಿಗೆ ಬಂದು ಶಿವಕೃಪಾದ ಕೆಳಗಿನ ಖೋಲಿಯಲ್ಲಿ ಒಂದು ತಿಂಗಳು ಇದ್ದವನು. ಬಾಳಪ್ಪ ಗಾಜಿಗೆ ಮುಖ ಹಚ್ಚಿ ನೋಡಿದ. ಮಲಗೌಡ ಇವನನ್ನು ಕಂಡದ್ದೇ ಮೆನು ಕಾರ್ಡ್ ಎತ್ತಿ ಮುಖಕ್ಕೆ ಅಡ್ಡ ಹಿಡಿದ.

ಬಾಳಪ್ಪ ಒಳಗೆ ನುಗ್ಗಿ ಕಾರ್ಡನ್ನು ಕೆಳಗಿಳಿಸಿದ. "ಗೌಡ್ರ! ಎದಿ ಮತ್ತ ಏನರೆ…"

"ಇಲ್ರಿ, ಎದಿ ಕಲ್ಲಾಗೇತಿ. ಈ ತಂಬೂರಿ ಬುರುಡೆ ಬಿರುಕು ಬಿಟ್ಟೈತಿ. ನಮ್ಮ ಭಜನಾ ಮ್ಯಾಳದ್ದು. ಇಲ್ಲಿ ತಂಬೂರಿ ಮಾಡೂವರ ಕಡೆ ರಿಪೇರಿಗೆ ಕೊಡಾಕ ತಂದೇನಿ. ನೀವು ಈ ಕಡೆ ಬರಬಾರದಿತ್ತು ನೋಡ್ರಿ."

"ಆರಾಮ ಇದ್ದು, ಮಿರಜಕ್ಕ ಬಂದು, ಇಲ್ಲಿ ಯಾಕ ಇಳದೀರಿ? ನಾ ಸತ್ತಿದ್ನೇನು?"

ಮಲಗೌಡನಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ನೀವ ಹೇಳಿದ್ರೆಲ್ಲ, ಮತ್ತ ಬರಬ್ಯಾಡ್ರಿ, ನಿಮ್ಮ ಮಾರಿ ತೋರಸಬ್ಯಾಡ್ರಿ ಅಂತ. ಬಾಯಿಲೆ ಹರಸಿ ಕಳಿಸಿದವರ ಮಾತು ಮುರದು ನಾ ಹೊಸ್ತಲಾ ತುಳದು, ನಾಳೆ ಎದ್ಯಾಗ ಚಳಕ್ ಅಂದ್ರ? ಅದಕ್ಕ ಮಾರಿ ಮುಚಗೊಂಡು ಅಡ್ಡಾಡ್ತೇನಿ. ಮಗಳು ಕೊಟ್ಟ ಊರಿಗೆ ಇಲ್ಲೇ ಗಾಡಿ ಬದಲಿ ಮಾಡಬೇಕು, ತಂಬೂರಿ ಅಂತ ಒಮ್ಮೆ, ಅರಿಷಿಣ ಮಾರಾಕ ಸಾಂಗಲಿಗೆ ಅಂತ ಒಮ್ಮೆ. ಪ್ರತಿ ಸಲ ಇಲ್ಲೇ. ನಾ ಒಬ್ಬಾಂವ ಅಲ್ರಿ, ನಿಮ್ಮಲ್ಲಿ ಇದ್ದು ಗುಣಾ ಆದ ನಮ್ಮ ಕಡೆ ಮಂದಿ ಎಲ್ಲಾ ಇಲ್ಲೇ. ಈ ಸುಡಗಾಡ ಎಸಿಯೊಳಗ ರಾತ್ರಿ ಎಲ್ಲಾ ಮೂಗು ಕಟ್ಟತೈತಿ. ಏನ್ ಮಾಡೂದು?"

ಬಾಳಪ್ಪ ಅಲ್ಲೇ, ತಂಬೂರಿಯ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತ. ಸ್ಟಾರ್ ಪ್ಯಾಲೇಸಿಗೆ ಲಿಫ್ಟು ಗಿರಾಕಿ ತಂದುಕೊಟ್ಟಿರಲಿಲ್ಲ. ಇವನೇ ಇಷ್ಟು ವರ್ಷ ಕೈಮುಗಿದು, ಒಬ್ಬೊಬ್ಬರನ್ನೇ ಹರಸಿ, ಓಣಿಯ ಆ ಬದಿಗೆ ದಾಟಿಸಿದ್ದ. ನಗಬೇಕೋ ಅಳಬೇಕೋ ತಿಳಿಯದೆ ಮಲಗೌಡನ ತಟ್ಟೆಯಲ್ಲಿದ್ದ ಅರ್ಧ ಇಡ್ಲಿಯನ್ನು ಬಾಯಿಗೆ ಹಾಕಿಕೊಂಡ. ಅದೂ ಚೆನ್ನಾಗಿರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದ. "ಹಂಗಾರ ಆ ಮಾತು ಬಿಟ್ಟಬಿಡ್ರಿ," ಎಂದಳು ನೀಲಗಂಗವ್ವ, ರೊಟ್ಟಿ ತಿರುವುತ್ತ.

"ಬಿಡಾಕ ಬರೂದಿಲ್ಲ. ಅವ್ವನ ಮಾತು. ಕುರ್ಚಿ ಹೋದ್ರ ಹೋಗ್ಲಿ. ನಾ ಬರ್ರಿ ಅಂದು, ಯಾರರೆ ಖರೇನ ಕೂಸು ಹೊತಗೊಂಡು ಬಂದ್ರ? ಆ ಹೊಸ್ತಲದಾಗ ನಿಂತು ನನ್ನ ಬಾಯಾಗ ಆ ಮಾತು ಬರೂದಿಲ್ಲ."

ನೀಲಗಂಗವ್ವ ಗಂಡನ ಮುಖ ನೋಡಿದಳು. ಕುರ್ಚಿಯ ಆಸೆ ಬಿಟ್ಟರೂ ಈ ಮಾತು ಬಿಡಲೊಲ್ಲ ಎಂಬುದು ಆಕೆಗೆ ಆಗ ತಿಳಿಯಿತು, ಕರುಳು ಚುರ್ ಎಂದಿತು. ಆದರೆ ಆಕೆ ಕರುಳಿನ ಮಾತನ್ನು ನೆಟ್ಟಗೆ ಆಡುವವಳಲ್ಲ.

"ಆ ಹೊಸ್ತಲದಾಗ ಬ್ಯಾಡಂದ್ರ ಬ್ಯಾಡ," ಎಂದಳು ಸಿಡುಕಿನಿಂದ. "ಮನಿಗೆ ಹಿತ್ತಲ ಬಾಗಲಾ ಐತೆಲ್ಲ? ಅಡಗಿ ಮನ್ಯಾಗ ಹಾಯ್ದು ಬರ್ಲಿ. ಜಡ್ಡಾದವರು ಮುಂದಿಂದ ಬಂದು ಮುಂದಿಂದ ಹೋಗ್ಲಿ. ಗುಣಾ ಆದವರು ಹಿಂದಿಂದ ಬರ್ಲಿ. ಆ ಹೊಸ್ತಲಾ ತುಳದಂಗಾತೇನು? ನಿಮ್ಮ ಅವ್ವ ಹಿತ್ತಲ ಬಾಗಲದ ಸುದ್ದಿ ಏನರೆ ಹೇಳಿದ್ಲೇನು?"

ಅವ್ವ ಹೇಳಿರಲಿಲ್ಲ. ಬಾಳಪ್ಪ ಎದ್ದು ಹೋಗಿ ಹಿತ್ತಲ ಬಾಗಿಲನ್ನು ಒಂದು ಸಲ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದ. ಆಮೇಲೆ ಕೇತನನಿಗೆ ಫೋನ್ ಮಾಡಿದ.

ಕೇತನ ತಕರಾರು ತೆಗೆದ. ಎರಡು ಬಾಗಿಲು ತೋರಿಸಿದರೆ ನೋಡುವವನಿಗೆ ಗೊಂದಲವಾಗುತ್ತದೆ, ಬಟನ್ ಒಂದೇ ಇರಬೇಕು, ಬರಹ ಇಂಗ್ಲಿಷಿನಲ್ಲಿರಬೇಕು ಎಂದ. ಬಾಳಪ್ಪ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ವೆಬ್‌ಸೈಟು ಕನ್ನಡಕ್ಕೆ ತಿರುಗಿತು. ತೆರೆದ ಕೂಡಲೇ ಎರಡು ಫೋಟೊ ಕಾಣುತ್ತಿದ್ದವು. ಒಂದರಲ್ಲಿ ಮುಂದಿನ ಹೊಸ್ತಿಲಲ್ಲಿ ಕೈಮುಗಿದು ನಿಂತ ಬಾಳಪ್ಪ, ಕೆಳಗೆ "ದವಾಖಾನೆಗೆ ಬಂದವರು ಈ ಬಾಗಿಲಿಂದ. ಹೋಗುವಾಗ ಮತ್ತೆ ಬರಬೇಡಿರಿ ಎಂದು ಕಳಿಸುತ್ತೇವೆ." ಇನ್ನೊಂದರಲ್ಲಿ ಹಿತ್ತಲ ಬಾಗಿಲಲ್ಲಿ ಲಟ್ಟಣಿಗೆ ಹಿಡಿದ ನೀಲಗಂಗವ್ವ, ಕೆಳಗೆ "ಗುಣವಾದವರು, ಸುಮ್ಮನೆ ಬಂದವರು ಈ ಬಾಗಿಲಿಂದ. ಉಂಡು ಮುಂದೆ ಹೋಗಬೇಕು." ಮುಚ್ಚಿಟ್ಟಿದ್ದ "ಇಲ್ಲ"ಗಳನ್ನೆಲ್ಲ ಕೇತನ ಹೊರಗೆ ತೆಗೆದು ಮೊದಲ ಬಾಗಿಲಿನ ಕೆಳಗೆ ಹಚ್ಚಿದ. ಅವುಗಳ ತಲೆಯ ಮೇಲೆ "ಗುಣವಾಗಿ ಹೋದವರ ಮಾತು" ಎಂದು ಬರೆದ. ಹುಕ್ಕೇರಿಯ ಹೆಣ್ಣುಮಗಳ ಪ್ರಾರ್ಥನೆ ಈಗ ಎಲ್ಲಕ್ಕೂ ಮೇಲೆ ಇತ್ತು.

ಇಣುಕಿದವರು ಈ ಸಲ ನಿಂತರು. ಓದಿದರು, ನಕ್ಕರು, ತಮ್ಮ ತಮ್ಮ ಊರಿನ ವಾಟ್ಸಾಪ್ ಗುಂಪುಗಳಿಗೆ ಕಳಿಸಿದರು. ಫೋನುಗಳು ಬಂದವು. "ಬಾಳಪ್ಪಾರ, ನನ್ನ ನೆನಪೈತೇನ್ರಿ, ಪಿತ್ತಕೋಶದ ಕಲ್ಲು" ಎಂದು ಒಬ್ಬ. "ನಾ ಮುರಿದ ತೊಡೆ" ಎಂದು ಇನ್ನೊಬ್ಬ. ಎಲ್ಲರೂ ಓಣಿಯ ಆ ಬದಿಯಲ್ಲಿ ಮೂಗು ಕಟ್ಟಿಕೊಂಡು ಮಲಗಿದ್ದವರೇ. ಹಿತ್ತಲ ಬಾಗಿಲಿಂದ ಬಂದವರು ಬರಿಗೈಯಲ್ಲೂ ಬರಲಿಲ್ಲ, ಒಬ್ಬ ಬೆಲ್ಲದ ಉಂಡೆ, ಒಬ್ಬ ಶೇಂಗಾ. ಖೋಲಿಗಳ ಬೀಗ ಎಲ್ಲವೂ ತೆರೆದವೆಂದು ಹೇಳಲಾರೆ. ಆದರೆ ನೀಲಗಂಗವ್ವನಿಗೆ ರೊಟ್ಟಿ ಬಡಿಯಲು ಇನ್ನೊಬ್ಬಾಕೆಯನ್ನು ಇಟ್ಟುಕೊಳ್ಳಬೇಕಾಯಿತು. ಕೇತನ ಲೆಕ್ಕ ತೋರಿಸಲು ಬಂದರೆ ಆಕೆ ಅವನ ಕೈಗೆ ತಟ್ಟೆ ಕೊಟ್ಟು ಸುಮ್ಮನೆ ಕೂರಿಸುತ್ತಿದ್ದಳು.

ದೀಪಾವಳಿ ಪಾಡವಾದ ಬೆಳಿಗ್ಗೆ ಪಾರಿಸ ಹೊಸ ಅಂಗಿ ತೊಟ್ಟು, ಅಳತೆಯ ಟೇಪು ಹಿಡಿದು, ಮುಂಬಾಗಿಲಿಂದ ಬಂದ. ಕೌಂಟರಿನಲ್ಲಿ ನೀಲಗಂಗವ್ವ ಕೂತಿದ್ದಳು. ಆಕೆ ಅವನಿಗೆ ಕರಚಿಕಾಯಿ, ಚಕ್ಕುಲಿ, ಚಹಾ ಕೊಟ್ಟಳು. ಅವನು ತಿಂದು, ಕೈ ಒರೆಸಿಕೊಂಡು, ಟೇಪು ಎಳೆಯಬೇಕು ಅನ್ನುವಷ್ಟರಲ್ಲಿ ಆಕೆ ಎದ್ದು ನಿಂತು ಎರಡೂ ಕೈ ಜೋಡಿಸಿದಳು.

"ಹೋಗ್ರಿ ಪಾರಿಸಣ್ಣಾ. ಮತ್ತ ಬರಬ್ಯಾಡ್ರಿ."

ಪಾರಿಸ ಮಿರಜ ಸಾಂಗಲಿಯಲ್ಲೇ ಬೆಳೆದವನು. ಈ ಹೊಸ್ತಿಲಲ್ಲಿ ಆ ಮಾತು ಆಶೀರ್ವಾದ ಎಂದು ಗೊತ್ತಿತ್ತು. ಹೀಗಾಗಿ ಸಿಟ್ಟಾಗಲು ಬಾರದೆ, ಟೇಪನ್ನು ಜೇಬಿಗೆ ಹಾಕಿಕೊಂಡು, ತಿರುಗಿ ನಮಸ್ಕಾರ ಮಾಡಿ ಹೋದ.

ಅದೇ ಹೊತ್ತಿಗೆ ಬಾಳಪ್ಪ ಹಿತ್ತಲಲ್ಲಿದ್ದ. ಹಿಂದಿನ ದಿನ ರಿಪೇರಿಯಾದ ತಂಬೂರಿ ಒಯ್ಯಲು ಬಂದ ಮಲಗೌಡ ಈ ಸಲ ಅಡುಗೆಮನೆ ಹಾಯ್ದು ಬಂದು, ಮೂರು ಹೊತ್ತು ಉಂಡು, ತನ್ನ ಹಳೆಯ ಖೋಲಿಯಲ್ಲೇ ಮಲಗಿ, ಈಗ ರೈಲಿಗೆ ಹೊರಟಿದ್ದ. ತಂಬೂರಿಯನ್ನು ಹೆಗಲಿಗೆ ಏರಿಸಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎಂದೂ ಆಡದ ಮಾತನ್ನು ಆಡುವ ಹೊತ್ತು ಬಂದಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಮಲಗೌಡ ಮೊದಲು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಅದು ಸರಿಯಾಗಿಯೇ ಬಡಿಯುತ್ತಿತ್ತು. "ಬಾಳಪ್ಪಾರ," ಎಂದ ಮೆಲ್ಲಗೆ, "ಬರ್ತೇನ್ರಿ."

ಬಾಳಪ್ಪ ಬಾಯಿ ತೆರೆದ. ನಾಲಗೆ ಹಳೆಯ ದಾರಿ ಹಿಡಿಯಿತು, "ಮತ್ತ…" ಎಂದು ಅಲ್ಲೇ ನಿಂತಿತು. ಅವ್ವನ ಮುಖ ಕಣ್ಣ ಮುಂದೆ ಬಂತು. ಅವನು ಬಗ್ಗಿ, ತಾನು ನಿಂತದ್ದು ಹಿತ್ತಲ ಹೊಸ್ತಿಲೇ ಹೌದೋ ಅಲ್ಲವೋ ಎಂದು ನೋಡಿಕೊಂಡ. ಹೌದಾಗಿತ್ತು.

"ಮತ್ತ ಬರ್ರಿ!" ಎಂದ.

ಐವತ್ತು ವರ್ಷ ಒಳಗೇ ಉಳಿದಿದ್ದ ಮಾತು ಹೊರಗೆ ಬರುವಾಗ ಒದರಿದ ಹಾಗೇ ಬಂತು. ಹಿತ್ತಲ ಗೋಡೆಯ ಆಚೆ ನಿಂತಿದ್ದ ರಿಕ್ಷಾದವರು ತಿರುಗಿ ನೋಡಿದರು. ಮಲಗೌಡ ನಗುತ್ತ ಸಂದು ದಾಟಿ ಸ್ಟೇಶನ್ನಿನ ಕಡೆ ಹೋದ. ಬಾಳಪ್ಪ ಅಲ್ಲೇ ನಿಂತು, ಕಣ್ಣೊರೆಸಿಕೊಂಡು, ಅವನು ಮರೆಯಾಗುವ ತನಕವೂ "ಬರ್ರಿ, ಬರ್ರಿ" ಎನ್ನುತ್ತಲೇ ಇದ್ದ. ಕೊನೆಗೆ ನೀಲಗಂಗವ್ವ ಒಳಗಿನಿಂದ ಕೂಗಿದಳು.

"ಸಾಕ ಮಾಡ್ರಿ, ಅಂವಾ ಇವತ್ತ ಹೊಳ್ಳಿ ಬಂದಾನು. ಮುಂದಿನ ಬಾಗಲದಾಗ ಯಾರೋ ಪೇಶಂಟ್ ಕರಕೊಂಡು ಬಂದಾರ. ಹೋಗ್ರಿ, ನಿಮ್ಮ ಕುರ್ಚಿ ಖಾಲಿ ಐತಿ."